ಬಾಗಿಲು, ದೀಪ, ಮಲ್ಲಿಗೆ: ಕೆ.ಎಸ್.ನ. ಸಮಗ್ರ ಕಾವ್ಯ ಕೊಳ್ಳುವವರಿಗೆ, ಓದುವವರಿಗೆ

ಕೆ.ಎಸ್. ನರಸಿಂಹಸ್ವಾಮಿ ಎಂದೊಡನೆ ಕಿವಿಗೆ ಬರುವುದು ಹಾಡು. ಹತ್ತು ಹಾಡು ಬಾಯಿಗೆ ಬಂದರೆ ಕವಿಯನ್ನು ಓದಿದಂತೆಯೇ ಎಂದುಕೊಂಡವರು ಬಹಳ ಮಂದಿ. 1942ರ ‘ಮೈಸೂರು ಮಲ್ಲಿಗೆ’ಯಿಂದ 2003ರಲ್ಲಿ ತೀರಿಕೊಳ್ಳುವವರೆಗೆ, ಅರವತ್ತು ವರ್ಷ ಬರೆದ ಕವಿ ಅವರು. ಹೊಸದಾಗಿ ಮದುವೆಯಾದವನ ಸಂಭ್ರಮದಿಂದ ಹೊರಟ ದನಿ ಮುಪ್ಪನ್ನೂ ಸಾವನ್ನೂ ಅದೇ ಮನೆಯೊಳಗೆ ಕೂಡಿಸಿಕೊಂಡು ಮಾತಾಡುವ ಹಂತಕ್ಕೆ ಹೇಗೆ ಬಂತು ಎನ್ನುವುದು ಬಿಡಿ ಹಾಡುಗಳಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಸಮಗ್ರ ಸಂಪುಟವೇ ಬೇಕು. ಅವರ ಸಮಗ್ರ ಕಾವ್ಯ ಸಂಪುಟ ‘ಮಲ್ಲಿಗೆಯ ಮಾಲೆ’ಯನ್ನು ಮನೆಯಲ್ಲಿ ಇಟ್ಟುಕೊಳ್ಳಿ ಎಂದು ಹೇಳಲು ನಮಗಿರುವ ಮುಖ್ಯ ಕಾರಣ ಇದೇ.

ಕೊಳ್ಳುವ ಮುನ್ನ ಒಂದು ಎಚ್ಚರಿಕೆ. ‘ಮಲ್ಲಿಗೆಯ ಮಾಲೆ’ ಮೊದಲು ಬಂದದ್ದು 1986ರಲ್ಲಿ. ಆಮೇಲೂ ಕವಿ ಹದಿನೇಳು ವರ್ಷ ಬದುಕಿದರು, ಬರೆದರು. ಹಳೆ ಪುಸ್ತಕದಂಗಡಿಯಲ್ಲಿ ಆ ಕಾಲದ ಪ್ರತಿ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ‘ದುಂಡುಮಲ್ಲಿಗೆ’, ‘ಸಂಜೆ ಹಾಡು’, ‘ದೀಪ ಸಾಲಿನ ನಡುವೆ’ ಅದರಲ್ಲಿ ಇರುವುದಿಲ್ಲ. ಅಂದರೆ ಸಾವಿನ ಸಮೀಪದ ಕವಿತೆಗಳೇ ತಪ್ಪಿಹೋದಂತೆ. ಮೊದಲು ಪರಿವಿಡಿ ತೆರೆದು ಕೊನೆಯ ಸಂಕಲನ ಯಾವುದೆಂದು ನೋಡಿ. ಮುದ್ರಣದ ವರ್ಷ ನೋಡುವುದು ಆಮೇಲೆ.

ಇನ್ನೊಂದು, ಪುಟದ ಅಗಲ. ಇದು ಅಲಂಕಾರದ ಮಾತಲ್ಲ. ‘ಒಂದಿರುಳು ಕನಸಿನಲಿ ನನ್ನವಳ ಕೇಳಿದೆನು’ ಎಂಬ ಸಾಲು ಐದು ಮಾತ್ರೆಯ (ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆ) ನಾಲ್ಕು ಗಣ, ಅಂದರೆ ನಾಲ್ಕು ಗುಂಪು: ಒಂದಿರುಳು, ಕನಸಿನಲಿ, ನನ್ನವಳ, ಕೇಳಿದೆನು. ಒಟ್ಟು ಇಪ್ಪತ್ತು ಮಾತ್ರೆ. ಅದರ ಕೆಳಗಿನ ಸಾಲು ಚಿಕ್ಕದು. ಎರಡು ಗಣ ಮುಗಿದು ಮೂರನೆಯದು ಅರ್ಧಕ್ಕೇ ನಿಲ್ಲುತ್ತದೆ. ಆ ನಿಲುಗಡೆಯಲ್ಲೇ ಕವಿತೆಯ ಉಸಿರಿರುವುದು. ಇಕ್ಕಟ್ಟಾದ ಪುಟದಲ್ಲಿ ಉದ್ದದ ಸಾಲಿನ ಕೊನೆಯ ಪದ ಕೆಳಗೆ ಬಿದ್ದರೆ ಗಿಡ್ಡ ಸಾಲು ಯಾವುದು, ಮುರಿದ ಸಾಲು ಯಾವುದು ಎಂದೇ ತಿಳಿಯದು. ಮೊಬೈಲಿನಲ್ಲಿ ಓದುವವರಿಗೆ ಈ ತೊಂದರೆ ಪದೇ ಪದೇ ಬರುತ್ತದೆ. ಫೋನನ್ನು ಅಡ್ಡ ಹಿಡಿಯಿರಿ, ಇಲ್ಲವೇ ಅಕ್ಷರ ಚಿಕ್ಕದು ಮಾಡಿ. ಹೊಲಿಗೆ ಹಾಕಿದ ಬೈಂಡಿಂಗ್ ಸಿಕ್ಕರೆ ಅದನ್ನೇ ಆರಿಸಿ. ಬರೀ ಅಂಟು ಹಾಕಿದ ದಪ್ಪ ಪುಸ್ತಕವನ್ನು ನಡುವೆ ಬಿಚ್ಚಿ ಮಲಗಿಸಿದರೆ ಬೆನ್ನು ಬಿರಿದು ಹಾಳೆಗಳು ಕಳಚಿಕೊಳ್ಳುತ್ತವೆ.

ಓದುವಾಗ ಮಾಡಬೇಕಾದ ಮೊದಲ ಕೆಲಸ, ರಾಗವನ್ನು ಪಕ್ಕಕ್ಕಿಡುವುದು. ಸುಗಮ ಸಂಗೀತ ಈ ಕವಿತೆಗಳನ್ನು ಮನೆಮನೆಗೆ ತಲುಪಿಸಿತು, ಆ ಋಣ ದೊಡ್ಡದು. ಆದರೆ ಹಾಡುವವರು ಒಂದೆರಡು ನುಡಿ ಬಿಡುವುದುಂಟು, ಪಲ್ಲವಿಯನ್ನು ಮತ್ತೆ ಮತ್ತೆ ತರುವುದುಂಟು. ಹಾಗಾದಾಗ ಕಥೆಯ ನಡೆ ಕಾಣದಾಗುತ್ತದೆ. ಗಟ್ಟಿಯಾಗಿ, ರಾಗವಿಲ್ಲದೆ, ಗಣ ಗಣ ಬಿಡಿಸಿ ಓದಿ. ‘ಮದುವೆಯಾಗಿ ತಿಂಗಳಿಲ್ಲ’ ಎಂಬುದು ಮೂರು ಮಾತ್ರೆಯ ಪುಟ್ಟ ಹೆಜ್ಜೆ, ತಮಾಷೆಗೆ ಹೇಳಿ ಮಾಡಿಸಿದ್ದು. ‘ರಾಯರು ಬಂದರು’ ನಾಲ್ಕರ ನಡಿಗೆ, ದಾರಿ ಸವೆಸಿ ಬಂದವರ ಹದ. ‘ಬಳೆಗಾರ ಚೆನ್ನಯ್ಯ’ ಐದರದ್ದು, ಹೊಸ್ತಿಲಾಚೆ ನಿಂತು ವಿನಯದಿಂದ ಆಡುವ ಮಾತಿನ ಓಟ. ಯಾರ ಮಾತಿಗೆ ಯಾವ ಗಣ ಎಂದು ಈ ಕವಿಗೆ ತಪ್ಪಿದ್ದು ಕಡಿಮೆ.

ಎರಡನೆಯ ಕೆಲಸ, ಆ ಊರಿನ ನುಡಿಗಟ್ಟು ತಿಳಿಯುವುದು. ಅರ್ಥಕೋಶ ಇಲ್ಲಿ ಪೂರ್ತಿ ನೆರವಿಗೆ ಬರುವುದಿಲ್ಲ. ರಾಯರು ರಾತ್ರಿ ಮಾವನ ಮನೆಗೆ ಬಂದಾಗ ಅವರ ಹೆಂಡತಿ ಪದುಮ ‘ಒಳಗಿಲ್ಲ’. ಆಕೆ ಊರಲ್ಲಿಲ್ಲ ಎಂದು ಇಂದಿನ ಎಳೆಯ ಓದುಗರು ತಿಳಿಯುತ್ತಾರೆ. ಮುಟ್ಟಾದ ಹೆಣ್ಣನ್ನು ಹೊರಗೆ ಕೂರಿಸುತ್ತಿದ್ದ ಕಾಲದ ಮಾತು ಅದು. ಇಷ್ಟು ಗೊತ್ತಾದರೆ ಮನೆಯವರ ಸಂಕೋಚ, ರಾಯರ ನಿರಾಸೆ, ಕೊನೆಗೆ ಹೂ ಮುಡಿದು ಬರುವ ಪದುಮ, ಎಲ್ಲವೂ ತೆರೆದುಕೊಳ್ಳುತ್ತವೆ. ಶಾನುಭೋಗರ ಮಗಳ ಕವಿತೆಯೂ ಹಾಗೆಯೇ. ಊರಿನ ಲೆಕ್ಕಪತ್ರ ಹಿಡಿದವರು ಶಾನುಭೋಗರು. ವಂಶಪಾರಂಪರ್ಯದ ಆ ಹುದ್ದೆಯನ್ನು 1961ರ ಕಾಯಿದೆ ರದ್ದು ಮಾಡಿತು. ಊರಲ್ಲಿ ಅವರಿಗಿದ್ದ ಸ್ಥಾನ ತಿಳಿಯದಿದ್ದರೆ ಆ ತಾಯಿಯಿಲ್ಲದ ಹುಡುಗಿಯ ಮೇಲೆ ಊರಿಗೆಲ್ಲ ಅಷ್ಟು ಅಕ್ಕರೆ, ಅಷ್ಟು ಕುತೂಹಲ ಏಕೆಂದು ಹೊಳೆಯದು.

ಕವಿ ಹುಟ್ಟಿದ್ದು 1915ರಲ್ಲಿ, ಮಂಡ್ಯ ಸೀಮೆಯ ಕಿಕ್ಕೇರಿಯಲ್ಲಿ. ಆದರೂ ಕವಿತೆಯ ಊರುಗಳಿಗೆ ಹೊನ್ನೂರು, ನವಿಲೂರು ಎಂದು ಹೆಸರಿಟ್ಟರು. ಒಂದು ಗಂಡಿನ ಊರು, ಇನ್ನೊಂದು ತವರು. ಈ ಎರಡರ ನಡುವಿನ ದಾರಿಯಲ್ಲೇ ‘ಮೈಸೂರು ಮಲ್ಲಿಗೆ’ ಓಡಾಡುತ್ತದೆ. ಇಲ್ಲಿ ಬಡತನವಿಲ್ಲ ಎಂದು ದೂರುವವರು ‘ಅಕ್ಕಿ ಆರಿಸುವಾಗ’ ಓದಬೇಕು. ನುಚ್ಚಿನ ನಡುವೆ ಓಡಾಡುವ ಬೆರಳಿಗೆ ಬಂಗಾರವಿಲ್ಲ. ಅಷ್ಟನ್ನು ಕಣ್ಣಿಗೆ ಕಾಣಿಸಿದ ಮೇಲೆ ಬಡತನ ಎಂಬ ಪದ ಬೇಕಾಗುವುದಿಲ್ಲ. ನಮ್ಮ ಮಟ್ಟಿಗೆ ಇಡೀ ಸಂಪುಟದ ಅತ್ಯುತ್ತಮ ಕವಿತೆಗಳಲ್ಲಿ ಇದೊಂದು.

ನಡುವಿನ ಸಂಕಲನಗಳಲ್ಲಿ ಓದುಗರು ಸೋಲುತ್ತಾರೆ. ‘ಐರಾವತ’ (1945), ‘ದೀಪದ ಮಲ್ಲಿ’ (1947), ‘ಇರುವಂತಿಗೆ’ (1952) ಒಂದೇ ಬೀಸಿನಲ್ಲಿ ಓದಿದರೆ ಹೂವಿನ, ಬೆಳಕಿನ ಮಾತು ಹೆಚ್ಚಾಯಿತು ಅನ್ನಿಸುವುದು ಸಹಜ. ದಿನಕ್ಕೆ ಮೂರು ನಾಲ್ಕು ಕವಿತೆ ಸಾಕು. 1958ರ ‘ಶಿಲಾಲತೆ’ಗೆ ಬಂದಾಗ ದಾರಿ ತಿರುಗುತ್ತದೆ. ಹೊಸ ಬಗೆಯ ಬರವಣಿಗೆಯ ಚಳವಳಿಯಾದ ನವ್ಯದ ಗಾಳಿ ತಾಗಿ ಲಯ ಸಡಿಲವಾಗುತ್ತದೆ, ಜಗಲಿಯ ಬದಲು ಪೇಟೆಯ ಬೀದಿ ಬರುತ್ತದೆ. ‘ಗಡಿಯಾರದಂಗಡಿಯ ಮುಂದೆ’ ಎಂಬ ಹೆಸರಲ್ಲೇ ಆ ಬದಲಾವಣೆ ಇದೆ. ಹಾಡಿಗೆ ಒಗ್ಗಿದ ಕಿವಿಗೆ ಇಲ್ಲಿ ತಡವರಿಕೆ ಕೇಳಿಸಬಹುದು. ಪುಸ್ತಕ ಮುಚ್ಚಬೇಡಿ.

1960ರ ‘ಮನೆಯಿಂದ ಮನೆಗೆ’ ಆದ ಮೇಲೆ ಮುಂದಿನ ಸಂಕಲನಕ್ಕೆ ಹತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಆಗ ಬಂದ ‘ತೆರೆದ ಬಾಗಿಲು’ ಸಂಪುಟದ ನಡುಗಂಬ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1977ರಲ್ಲಿ ಅದಕ್ಕೇ ಸಂದಿತು. ಬಳೆಗಾರ ಅಪ್ಪಣೆ ಕೇಳಿ ನಿಂತಿದ್ದ ಬಾಗಿಲು ಮೂವತ್ತು ವರ್ಷದ ಮೇಲೆ ಸಂಕಲನದ ಹೆಸರಾಗಿ ಬಂದಿದೆ. ಈಗ ಅದು ಯಾರಿಗೆ ತೆರೆದಿದೆ ಎಂಬ ಪ್ರಶ್ನೆಯ ಭಾರವೇ ಬೇರೆ. ಪರಿವಿಡಿಯನ್ನಷ್ಟೇ ಓದಿದರೂ ಇಂಥ ಎಳೆ ಸಿಗುತ್ತದೆ: ‘ದೀಪದ ಮಲ್ಲಿ’ಯಿಂದ ‘ದೀಪ ಸಾಲಿನ ನಡುವೆ’ವರೆಗೆ ದೀಪ ಆರಿಲ್ಲ, ಅದನ್ನು ನೋಡುವ ಕಣ್ಣಿಗೆ ವಯಸ್ಸಾಗಿದೆ.

‘ದೀಪವು ನಿನ್ನದೆ, ಗಾಳಿಯು ನಿನ್ನದೆ’ ಎಂಬುದನ್ನು ಪ್ರಾರ್ಥನೆಯಾಗಿ ಹಾಡಿ ಹಾಡಿ ಅದರ ಹರಿತ ಮೊಂಡಾಗಿದೆ. ನಿಧಾನವಾಗಿ ಓದಿ. ದೀಪ ಹಚ್ಚಿದವನೂ ಆರಿಸುವ ಗಾಳಿಯೂ ಒಂದೇ ಕಡೆಯವರು ಎಂದ ಮೇಲೆ ದೂರು ಕೊಡುವುದು ಯಾರಿಗೆ? ಆದರೂ ಬೆಳಕು ಆರದಿರಲಿ ಎನ್ನುತ್ತಾನೆ ಕವಿ. ಕೊನೆಯ ಸಂಕಲನಗಳ ಕವಿತೆಗಳಿಗೆ ಇದೇ ಕೀಲಿಕೈ. ಅಲ್ಲಿ ಮಾತು ಕಡಿಮೆ, ಅಲಂಕಾರ ಇನ್ನೂ ಕಡಿಮೆ. ಕೆಲವು ತೀರ ತೆಳುವಾಗಿಯೂ ಇವೆ. ಒಂದು ಕಟ್ಟುನಿಟ್ಟಾದ ಆಯ್ಕೆ ಅವುಗಳಲ್ಲಿ ಅರ್ಧವನ್ನು ಬಿಡುತ್ತಿತ್ತು.

ಸಮಗ್ರ ಸಂಪುಟ ಭಾರವೆನಿಸುವವರು ‘ಮೈಸೂರು ಮಲ್ಲಿಗೆ’, ‘ತೆರೆದ ಬಾಗಿಲು’, ‘ಸಂಜೆ ಹಾಡು’ ಮೂರನ್ನು ಬಿಡಿಯಾಗಿ ತರಿಸಿಕೊಳ್ಳಲಿ. ಓದುವುದನ್ನು ನಡುವಿನ ಪುಸ್ತಕದಿಂದ ಶುರುಮಾಡಲಿ. ಅಲ್ಲಿಂದ ಹಿಂದಕ್ಕೆ ಹೋದರೆ ಬಳೆಗಾರನ ಕೂಗು ಮೊದಲಿನಂತೆ ಕೇಳಿಸುವುದಿಲ್ಲ.