ಅರ, ಗೈಡ್, ಗ್ರೈಂಡರ್: ಚೈನ್‌ಸಾ ಹಲ್ಲಿಗೆ ಸಾಣೆ ಯಾವುದರಲ್ಲಿ?

ಚೈನ್‌ಸಾ ಮೊಂಡಾಗಿದೆ ಅನ್ನೋದನ್ನು ಮೊದಲು ಹೇಳುವುದು ಅದು ಉದುರಿಸುವ ಪುಡಿ. ಚೈನ್ ಹರಿತವಾಗಿದ್ದರೆ ಮರದಿಂದ ಚಕ್ಕೆ ಹಾರುತ್ತದೆ, ಎರಡು ಬೆರಳಲ್ಲಿ ಹಿಡಿದು ನೋಡಬಹುದು. ಮೊಂಡಾದರೆ ಹಿಟ್ಟಿನಂಥ ಪುಡಿ. ನನ್ನ ಗರಗಸ ಎರಡು ದಿನದಿಂದ ಹಿಟ್ಟನ್ನೇ ಉಗುಳುತ್ತಿತ್ತು. ನಾನೋ, ಇದೊಂದು ದಿಮ್ಮಿ ಮುಗಿಸಿಬಿಡೋಣ ಅಂತ ತೋಳಿನ ಬಲವನ್ನೆಲ್ಲ ಹಾಕಿ ಒತ್ತುತ್ತಿದ್ದೆ. ದಿಮ್ಮಿ ತುಂಡಾಗಿದ್ದೇ ತಡ, ನನ್ನ ಭಾರದ ಸಮೇತ ಗರಗಸ ಕೆಳಗಿಳಿಯಿತು. ಎಡಗಾಲ ಬೂಟಿನಿಂದ ಒಂದು ಗೇಣು ಆಚೆ ಮಣ್ಣಿಗೆ ಹೊಕ್ಕಿತು.

ಅವತ್ತಿನಿಂದ ಸಾಣೆಯ ವಿಷಯದಲ್ಲಿ ಸೋಮಾರಿತನ ಬಿಟ್ಟೆ. ಹರಿತವಾದ ಚೈನ್ ತನ್ನಷ್ಟಕ್ಕೆ ಮರದೊಳಗೆ ಇಳಿಯುತ್ತದೆ, ನಾವು ಸುಮ್ನೆ ದಾರಿ ತೋರಿಸಿದರೆ ಸಾಕು. ಮೊಂಡು ಚೈನ್ ನಮ್ಮನ್ನು ಒತ್ತಲು ಹಚ್ಚುತ್ತದೆ. ಒತ್ತುವವನಿಗೆ ತೋಲ ತಪ್ಪುವುದು ಜಾಸ್ತಿ.

ಮೂರು ದಾರಿ ಪ್ರಯೋಗ ಮಾಡಿ ನೋಡಿದ್ದೇನೆ: ಬರೀ ದುಂಡು ಅರ, ಎರಡು ಕೆಲಸ ಒಟ್ಟಿಗೆ ಮಾಡುವ ಟೂ-ಇನ್-ಒನ್ ಗೈಡ್, ಮೇಜಿಗೆ ಕೂರಿಸುವ ಎಲೆಕ್ಟ್ರಿಕ್ ಗ್ರೈಂಡರ್. ಗರಗಸ ಒಂದೇ, ಬಾರ್ (ಚೈನ್ ಸುತ್ತುವ ಉದ್ದನೆಯ ಲೋಹದ ಪಟ್ಟಿ) 16 ಇಂಚಿನದು. ಚೈನಿನಲ್ಲಿ 56 ಡ್ರೈವ್ ಲಿಂಕ್ (ಬಾರಿನ ಅಂಚಿನ ಸೀಳಿನಲ್ಲಿ ಓಡುವ ಕೊಂಡಿ), 28 ಹಲ್ಲು. ಎಡಕ್ಕೆ ಮುಖ ಮಾಡಿದವು 14, ಬಲಕ್ಕೆ 14.

ಯಾವ ದಾರಿ ಹಿಡಿದರೂ ಮೊದಲ ಕೆಲಸ ಒಂದೇ. ಪೆಟ್ರೋಲ್ ಗರಗಸವಾದರೆ ಎಂಜಿನ್ ಆರಿಸಿ, ತಣ್ಣಗಾಗಲು ಬಿಟ್ಟು, ಸ್ಪಾರ್ಕ್ ಪ್ಲಗ್ಗಿನ ವೈರ್ ಕೀಳಬೇಕು. ಬ್ಯಾಟರಿಯದ್ದಾದರೆ ಬ್ಯಾಟರಿ ತೆಗೆದು ಪಕ್ಕಕ್ಕಿಡಬೇಕು. ಕೈಗೆ ದಪ್ಪ ಗ್ಲೌಸ್. ನಿಂತಿರುವ ಚೈನ್ ಕೂಡ ಬೆರಳು ಸೀಳುತ್ತದೆ, ಅದರಲ್ಲೂ ಆಗಷ್ಟೇ ಸಾಣೆ ಹಿಡಿದದ್ದು.

ಬರೀ ಅರದಿಂದ ಶುರು ಮಾಡ್ತೀನಿ. ಅರದ ದಪ್ಪ ಚೈನಿಗೆ ಹೊಂದಬೇಕು. ನನ್ನ ಚೈನಿನ ಪಿಚ್, ಅಂದರೆ ಕೊಂಡಿಗಳ ಅಂತರದ ಅಳತೆ, 3/8 ಇಂಚು, ತಗ್ಗು ಹಲ್ಲಿನ ಲೋ ಪ್ರೊಫೈಲ್ ತರದ್ದು. ಅದಕ್ಕೆ 4 ಮಿ.ಮೀ. ಅರ. .325 ಪಿಚ್ಚಿನ ಚೈನಿಗೆ ಸಾಮಾನ್ಯವಾಗಿ 4.8 ಮಿ.ಮೀ. ತಪ್ಪು ಅಳತೆಯ ಅರ ಹಾಕಿದರೆ ಹಲ್ಲಿನ ಕೊಕ್ಕೆಯ ಆಕಾರವೇ ಕೆಡುತ್ತದೆ. ಬಾರನ್ನು ವೈಸಿಗೆ ಕಚ್ಚಿಸಿ, ಹಲ್ಲು ಅಲ್ಲಾಡದಂತೆ ಚೈನ್ ಸ್ವಲ್ಪ ಬಿಗಿ ಮಾಡಿ, ಚೈನ್ ಬ್ರೇಕ್ ಹಾಕಿಕೊಳ್ಳುತ್ತೇನೆ. ಹಲ್ಲಿನ ಒಳಗಿನಿಂದ ಹೊರಕ್ಕೆ, 30 ಡಿಗ್ರಿ ಓರೆಯಲ್ಲಿ ತಳ್ಳಬೇಕು. ಅರದ ದಪ್ಪದಲ್ಲಿ ಸುಮಾರು ಐದರಲ್ಲೊಂದು ಪಾಲು ಹಲ್ಲಿನ ನೆತ್ತಿಯಿಂದ ಮೇಲೆ ಕಾಣುತ್ತಿರಬೇಕು. ವಾಪಸ್ ಬರುವಾಗ ಅರ ಎತ್ತಿಕೊಳ್ಳಬೇಕು. ಅರ ಕತ್ತರಿಸುವುದು ಮುಂದಕ್ಕೆ ಹೋಗುವಾಗ ಮಾತ್ರ. ಹಿಂದಕ್ಕೆ ಎಳೆದು ಉಜ್ಜಿದರೆ ಅರವೇ ಸವೆಯುತ್ತದೆ.

ಸರಿಯಾಗಿ ಕೂತಾಗ ಒಂದು ಸದ್ದು ಬರುತ್ತದೆ, "ಸರ್ರ್" ಅಂತ ನುಣ್ಣಗೆ. ಕಿರುಗುಟ್ಟಿದರೆ ಕೋನ ತಪ್ಪಿದೆ ಅಂತ ಅರ್ಥ. ಹರಿತವಾಯಿತೋ ಇಲ್ಲವೋ ತಿಳಿಯಲು ಬೆರಳಿಟ್ಟು ನೋಡಬೇಕಿಲ್ಲ, ಬೆಳಕಿಗೆ ಹಿಡಿದರೆ ಸಾಕು. ಮೊಂಡು ಹಲ್ಲಿನ ಅಂಚಿನಲ್ಲಿ ದಾರದಂಥ ಬಿಳಿ ಗೆರೆ ಹೊಳೆಯುತ್ತದೆ. ಹರಿತವಾದ ಅಂಚು ಹೊಳೆಯುವುದೇ ಇಲ್ಲ. ಆ ಗೆರೆ ಅಳಿಸಿಹೋಗುವ ತನಕ ತಳ್ಳುವುದು, ಅಷ್ಟೇ.

ಅರದ ಸುಖವೆಂದರೆ ಜೇಬಿನಲ್ಲಿ ಇಟ್ಟುಕೊಂಡು ಹೋಗಬಹುದು. ಕರೆಂಟ್ ಬೇಡ, ಚೈನ್ ಬಿಚ್ಚೋದು ಬೇಡ. ಕಷ್ಟ ಏನು ಅಂದರೆ, ನಮ್ಮ ಎರಡು ಕೈ ಒಂದೇ ತರ ಇರುವುದಿಲ್ಲ. ನಾನು ಬಲಗೈಯವನು. ಪ್ರತಿ ಹಲ್ಲಿಗೂ ಎಣಿಸಿ ಮೂರೇ ಮೂರು ಸಲ ತಳ್ಳಿದ್ದೆ. ಆದರೂ ತಿಂಗಳಾಗುವ ಹೊತ್ತಿಗೆ ಒಂದು ಬದಿಯ ಹಲ್ಲು ಗಿಡ್ಡವಾಗಿ, ಇನ್ನೊಂದು ಬದಿಯದ್ದು ಉದ್ದ ಉಳಿದಿತ್ತು. ಗರಗಸ ನೇರ ಇಳಿಯದೆ ಕುಡುಗೋಲಿನ ಹಾಗೆ ಬಾಗಿ ಇಳಿಯಿತು, ದಪ್ಪ ದಿಮ್ಮಿಯಲ್ಲಿ ಬಾರ್ ಸಿಕ್ಕಿಹಾಕಿಕೊಂಡಿತು. ಕ್ಯಾಲಿಪರ್ ಹಿಡಿದು ಎಲ್ಲಕ್ಕಿಂತ ಗಿಡ್ಡ ಹಲ್ಲು ಹುಡುಕಿ, ಉಳಿದ 27ನ್ನೂ ಅದರ ಮಟ್ಟಕ್ಕೆ ತರುವಷ್ಟರಲ್ಲಿ ಒಂದು ಸಂಜೆಯೇ ಹೋಯಿತು.

ಟೂ-ಇನ್-ಒನ್ ಗೈಡ್ ತಂದದ್ದು ಈ ಕಾಟಕ್ಕೆ. ಅದೊಂದು ಹಿಡಿಕೆ ಇರುವ ಚೌಕಟ್ಟು. ಒಳಗೆ ಎರಡು ದುಂಡು ಅರ, ನಡುವೆ ಒಂದು ಚಪ್ಪಟೆ ಅರ. ಮೇಲಿನ ಗೆರೆಯನ್ನು ಚೈನಿಗೆ ಹೊಂದಿಸಿ ಹಿಡಿದರೆ ಕೋನ ಸಿಗುತ್ತದೆ, ಎತ್ತರ ಅದಾಗಿಯೇ ಕೂರುತ್ತದೆ. ಬದಿ ಬದಲಿಸುವಾಗ ಚೌಕಟ್ಟು ಬಿಚ್ಚಿ ಚಪ್ಪಟೆ ಅರವನ್ನು ಆಚೆ ಕಡೆಗೆ ಹಾಕಬೇಕು. ಗ್ಲೌಸ್ ಹಾಕಿದ ಕೈಯಲ್ಲಿ ಅದೊಂದು ಕಿರಿಕಿರಿ.

ಆ ಚಪ್ಪಟೆ ಅರ ಯಾಕೆ ಅಂದರೆ, ಪ್ರತಿ ಹಲ್ಲಿನ ಮುಂದೆ ಗೂನು ಬೆನ್ನಿನಂಥ ಒಂದು ಚಿಕ್ಕ ಉಬ್ಬು ಇರುತ್ತದೆ. ಅದಕ್ಕೆ ಡೆಪ್ತ್ ಗೇಜ್ ಅಂತಾರೆ. ಹಲ್ಲು ಒಂದು ಸಲಕ್ಕೆ ಎಷ್ಟು ಮರ ಕಚ್ಚಬೇಕು ಅನ್ನೋದನ್ನು ತೀರ್ಮಾನ ಮಾಡುವುದು ಈ ಉಬ್ಬು. ನನ್ನ ಚೈನಿನಲ್ಲಿ ಇದು ಹಲ್ಲಿನ ತುದಿಗಿಂತ 0.65 ಮಿ.ಮೀ. ತಗ್ಗಿರಬೇಕು. ಹಲ್ಲಿನ ನೆತ್ತಿ ಹಿಂದಕ್ಕೆ ಇಳಿಜಾರು. ಹಾಗಾಗಿ ಪ್ರತಿ ಸಾಣೆಗೂ ಹಲ್ಲು ಹಿಂದೆ ಸರಿದಂತೆ ಅದರ ತುದಿಯ ಎತ್ತರವೂ ಕಡಿಮೆಯಾಗುತ್ತದೆ. ಉಬ್ಬು ಮಾತ್ರ ಇದ್ದಲ್ಲೇ ಇರುತ್ತದೆ. ಕೊನೆಗೆ ಹಲ್ಲು ಎಷ್ಟೇ ಹರಿತವಿದ್ದರೂ ಮರಕ್ಕೆ ತಾಗುವುದೇ ಇಲ್ಲ. ಬರೀ ಅರದ ಕಾಲದಲ್ಲಿ ಇದು ನನಗೆ ಗೊತ್ತೇ ಇರಲಿಲ್ಲ. "ಇಷ್ಟು ಚೆನ್ನಾಗಿ ಉಜ್ಜಿದ್ದೀನಲ್ಲ, ಯಾಕೆ ಕಚ್ಚುತ್ತಿಲ್ಲ" ಅಂತ ಚೈನನ್ನೇ ಬೈದಿದ್ದೆ.

ಗೊತ್ತಾದ ಮೇಲೆ ಇನ್ನೊಂದು ತಪ್ಪು ಮಾಡಿದೆ. ಚಪ್ಪಟೆ ಅರ ತಗೊಂಡು, ಅಳತೆ ತಗಡು ಇಡದೆ, ಕಣ್ಣಂದಾಜಿನಲ್ಲಿ ಉಬ್ಬನ್ನೆಲ್ಲ ತಗ್ಗಿಸಿಬಿಟ್ಟೆ. ಅವತ್ತು ಗರಗಸ ಹುಚ್ಚು ಹಿಡಿದಂತೆ ಆಡಿತು. ಒಂದೊಂದು ಹಲ್ಲೂ ಬಾಯಿ ತುಂಬ ಮರ ಕಚ್ಚುವುದು, ಎಳೆಯುವುದು, ನಿಲ್ಲುವುದು. ಉಬ್ಬು ಅತಿಯಾಗಿ ತಗ್ಗಿದರೆ ಕಿಕ್‌ಬ್ಯಾಕ್ ಅಪಾಯ ಏರುತ್ತದೆ. ಬಾರಿನ ಮೂತಿಯ ಮೇಲ್ಭಾಗ ಎಲ್ಲಿಗಾದರೂ ತಾಗಿದರೆ ಗರಗಸ ಮುಖದ ಕಡೆಗೆ ಚಿಮ್ಮುತ್ತದೆ, ಕಣ್ಣು ಮಿಟುಕಿಸುವಷ್ಟೂ ಹೊತ್ತು ಕೊಡುವುದಿಲ್ಲ. ಆ ಚೈನನ್ನು ಮತ್ತೆ ಬಳಸಲಿಲ್ಲ. ಗೈಡಿನಲ್ಲಿ ಈ ಆಟ ನಡೆಯಲ್ಲ. ಉಬ್ಬು ಎಷ್ಟು ಬೇಕೋ ಅಷ್ಟಕ್ಕೆ ಚಪ್ಪಟೆ ಅರ ತಾನೇ ನಿಲ್ಲುತ್ತದೆ. ನನ್ನ ಕಣ್ಣಿಗೆ ಅದರ ಅಸಲಿ ಬೆಲೆ ಇರೋದು ಇಲ್ಲೇ, ಕೋನದಲ್ಲಿ ಅಲ್ಲ.

ಕೊರತೆ ಇಲ್ಲದೇ ಇಲ್ಲ. ಒಂದು ಗೈಡ್ ಒಂದೇ ಪಿಚ್ಚಿಗೆ. ಎರಡು ತರದ ಚೈನ್ ಇದ್ದರೆ ಎರಡು ಗೈಡ್ ಬೇಕು. ಕಲ್ಲಿಗೆ ಬಡಿದು ಹಲ್ಲಿನ ಮೂಲೆ ಮುರಿದಿದ್ದರೆ ಇದರಲ್ಲಿ ತಳ್ಳಿ ತಳ್ಳಿ ಭುಜ ಬಿದ್ದುಹೋಗುತ್ತದೆ.

ಕಲ್ಲಿಗೆ ಬಡಿದಾಗಲೇ ಗ್ರೈಂಡರ್ ನೆನಪಾಗೋದು. ಚೈನ್ ಬಿಚ್ಚಿ, ಕೋನ ಹೊಂದಿಸಿ, ಎಲ್ಲಕ್ಕಿಂತ ಹಾಳಾದ ಹಲ್ಲಿಗೆ ತಕ್ಕಂತೆ ತಡೆ ಬಿಗಿ ಮಾಡಿದರೆ 28 ಹಲ್ಲೂ ಒಂದೇ ಉದ್ದಕ್ಕೆ ಬರುತ್ತವೆ. ಇಷ್ಟು ಸಮನಾಗಿ ನನ್ನ ಕೈಯಲ್ಲಿ ಯಾವತ್ತೂ ಬಂದಿಲ್ಲ. ಉಬ್ಬುಗಳನ್ನು ಮಾತ್ರ ಆಮೇಲೆ ಬೇರೆಯಾಗಿ ನೋಡಿಕೊಳ್ಳಬೇಕು.

ಆದರೆ ಯಂತ್ರಕ್ಕೆ ಕನಿಕರ ಇಲ್ಲ. ಮೊದಲ ದಿನ ನಾನು ಗ್ರೈಂಡರಿನ ತಿರುಗುವ ಸಾಣೆಕಲ್ಲನ್ನು ಹಲ್ಲಿನ ಮೇಲೆ ಒತ್ತಿ ಹಿಡಿದೆ, ನಾಲ್ಕೈದು ಸೆಕೆಂಡ್ ಇರಬಹುದು. ಅಂಚು ನೀಲಿ ತಿರುಗಿತು. ನೋಡೋಕೆ ನವಿಲುಗರಿಯ ಬಣ್ಣ, ಆದರೆ ಉಕ್ಕಿನ ಹದ ಹೋಯಿತು ಅಂತ ಅದರ ಅರ್ಥ. ಅಂಥ ಆರು ಹಲ್ಲು ಮಾಡಿದೆ. ಮರುದಿನ ಹತ್ತು ನಿಮಿಷ ಕತ್ತರಿಸುವಷ್ಟರಲ್ಲಿ ಮತ್ತೆ ಹಿಟ್ಟು ಉದುರತೊಡಗಿತು. ಈಗ ಕಲ್ಲನ್ನು ಮುಟ್ಟಿಸಿ ತೆಗೆಯುತ್ತೇನೆ, ಮುಟ್ಟಿಸಿ ತೆಗೆಯುತ್ತೇನೆ. ಕಣ್ಣಿಗೆ ಕನ್ನಡಕ ಇಲ್ಲದೆ ಸ್ವಿಚ್ ಮುಟ್ಟುವುದಿಲ್ಲ, ಕಿಡಿ ನೇರ ಮುಖಕ್ಕೇ ಬರುತ್ತದೆ. ಇನ್ನೊಂದು ಮಾತು, ಗ್ರೈಂಡರ್ ಹಲ್ಲನ್ನು ಬೇಗ ತಿನ್ನುತ್ತದೆ. ಹಲ್ಲಿನ ಉದ್ದ 4 ಮಿ.ಮೀ.ಗಿಂತ ಕಡಿಮೆಯಾದರೆ ಚೈನ್ ಎಸೆಯಬೇಕು. ಅರಕ್ಕೆ ಹತ್ತಾರು ಸಾಣೆ ಬರುವ ಚೈನ್ ಗ್ರೈಂಡರಿಗೆ ಕೊಟ್ಟರೆ ಅಷ್ಟು ದಿನ ಬಾಳುವುದಿಲ್ಲ.

ಸಮಯದ ಲೆಕ್ಕ ಕೇಳಿದರೆ: ಬರೀ ಅರ ನನಗೆ 12 ನಿಮಿಷ, ಗೈಡ್ 10, ಗ್ರೈಂಡರ್ ಬಿಚ್ಚೋದು ಹಾಕೋದು ಸೇರಿ 25. ಯಂತ್ರ ಅಂದರೆ ಬೇಗ ಅಂದುಕೊಂಡಿದ್ದೆ. ಚೈನಿನ ಸ್ಥಿತಿ ತೀರಾ ಕೆಟ್ಟಿದ್ದಾಗ ಮಾತ್ರ ಅದು ನಿಜ. ಕೈಯಲ್ಲಿ ಹಿಡಿಯುವ ಪುಟ್ಟ ರೋಟರಿ ಯಂತ್ರದ ಬಗ್ಗೆಯೂ ಕೇಳ್ತಾರೆ. ಎರಡು ಸಲ ಬಳಸಿ ಬಿಟ್ಟೆ. ಅದರ ಕಲ್ಲು ಸವೆದು ಸಣ್ಣಗಾಗುತ್ತಾ ಹೋಗುತ್ತದೆ, ಮೊದಲ ಹಲ್ಲಿನ ಆಕಾರ ಕೊನೆಯ ಹಲ್ಲಿಗೆ ಬರೋದಿಲ್ಲ.

ಈಗಿನ ನನ್ನ ಪದ್ಧತಿ: ಟ್ಯಾಂಕ್ ಎರಡು ಸಲ ಖಾಲಿಯಾದರೆ ಒಂದು ಸಲ ಗೈಡ್, ಹಲ್ಲಿಗೆ ಎರಡೋ ಮೂರೋ ತಳ್ಳು. ಮೊದಲ ಹಲ್ಲಿಗೆ ಮಾರ್ಕರ್ ಪೆನ್ನಿನಲ್ಲಿ ಗುರುತು ಹಾಕುತ್ತೇನೆ, ಇಲ್ಲದಿದ್ದರೆ ಎಲ್ಲಿ ಶುರು ಮಾಡಿದೆ ಅಂತ ಮರೆತು ಎರಡನೇ ಸುತ್ತು ಹೊಡೆಯುತ್ತೇನೆ. ಮುಗಿದ ಮೇಲೆ ಬಿಗಿ ಮಾಡಿದ್ದ ಚೈನನ್ನು ಮತ್ತೆ ಸಡಿಲಿಸಿ ಸರಿ ಮಾಡೋದು. ಆಗಾಗ ಬಾರ್ ಮಗುಚಿ ಹಾಕೋದು, ಅದರ ಅಂಚಿನ ಸೀಳಿನಲ್ಲಿ ಕೂತ ಎಣ್ಣೆ-ಹೊಟ್ಟಿನ ಜಿಡ್ಡು ಕೆರೆಯೋದು. ಬರೀ ಅರ ಪೆಟ್ರೋಲ್ ಡಬ್ಬಿಯ ಜೊತೆ ಚೀಲದಲ್ಲಿ ಇರುತ್ತದೆ, ದೂರದಲ್ಲಿ ಕೆಲಸವಿದ್ದಾಗ ಅದೇ ಗತಿ. ಗ್ರೈಂಡರ್ ವರ್ಷಕ್ಕೆ ಎರಡು ಮೂರು ಸಲ, ಕಲ್ಲಿಗೋ ಮೊಳೆಗೋ ಬಡಿದಾಗ.

ಗರಗಸ ಹೊಸದಾಗಿ ಕೊಂಡವರು ಒಂದನ್ನೇ ಆರಿಸಬೇಕು ಅಂದರೆ ಗೈಡ್ ತಗೊಳ್ಳಿ ಅಂತೀನಿ. ದಿನವಿಡೀ ಮರದ ಕೆಲಸ ಮಾಡುವವರಿಗೆ ಬರೀ ಅರದಲ್ಲಿ ಕೈ ಪಳಗಿದರೆ ಬೇರೇನೂ ಬೇಡ. ಅಂಥವರ ಕೈ ನಾನು ನೋಡಿದ್ದೇನೆ, ಕೋನ ಅವರ ಮಣಿಕಟ್ಟಿನಲ್ಲೇ ಇರುತ್ತದೆ.

ಆರು ನೀಲಿ ಹಲ್ಲಿನ ಆ ಚೈನನ್ನು ಎಸೆದಿಲ್ಲ. ಯಾರಾದರೂ ಅರ ಹಿಡಿಯೋದು ಕಲಿಸಿ ಅಂತ ಬಂದರೆ, ಮೊದಲು ಅದನ್ನೇ ಕೈಗೆ ಕೊಡ್ತೀನಿ.