ಬೈಲಹೊಂಗಲದ ನಮ್ಮ ವಕೀಲರು: ಐದಕ್ಕೆ ನಾಲ್ಕು

ಹೆಸರು ಬರೆಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಅವರೇ ಬೇಡ ಎಂದರು. ವಕೀಲರು ತಾವಾಗಿಯೂ, ಬೇರೆಯವರ ಕೈಯಿಂದಲೂ ಜಾಹೀರಾತು ಮಾಡಿಸಬಾರದು ಅಂತ ಬಾರ್ ಕೌನ್ಸಿಲ್ ನಿಯಮ ಇದೆ. ಆದರೂ ಬರೆಯಬೇಕು ಅನಿಸಿತು. ಒಂದು ಮಿಕ್ಸರ್ ತರಬೇಕಾದರೆ ನಾಲ್ಕು ಕಡೆ ವಿಚಾರಿಸುವ ನಾವು, ಹೊಲದ ವ್ಯಾಜ್ಯಕ್ಕೆ ಮಾತ್ರ ಭಾವನ ಗೆಳೆಯ ಹೇಳಿದ ಅಂತ ಸುಮ್ನೆ ವಕಾಲತ್ತಿಗೆ ಸಹಿ ಹಾಕಿ ಬರುತ್ತೇವೆ. ಮಿಕ್ಸರ್ ಕೆಟ್ಟರೆ ಗ್ರಾಹಕರ ಆಯೋಗ ಇದೆ. ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲ ಅಂತ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವರು ಕೈಕೊಟ್ಟರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಬರೆದು ಕೂರಬೇಕು. ಆರಿಸುವಾಗಲೇ ಕಣ್ಣು ತೆರೆದಿಟ್ಟುಕೊಂಡರೆ ಒಳ್ಳೆಯದು ಅಲ್ವಾ?

ನಾನಿರುವುದು ಬೆಳಗಾವಿಯ ಶಹಾಪುರದಲ್ಲಿ. ಒಂದು ಪತ್ತಿನ ಸಂಘದಲ್ಲಿ ಕ್ಯಾಷಿಯರ್. ತವರು ಬೈಲಹೊಂಗಲ ತಾಲೂಕಿನ ಹಳ್ಳಿ. ಅಪ್ಪ 2001ರಲ್ಲಿ ತೀರಿಕೊಂಡರು, ಕೆಲವು ವರ್ಷದ ಮೇಲೆ ಅವ್ವನೂ ಹೋದಳು. ಅಣ್ಣ ವಾರಸಾ ವರ್ದಿ (ವಾರಸುದಾರರು ಯಾರು ಅಂತ ಕಂದಾಯ ಇಲಾಖೆಗೆ ಕೊಡುವ ಹೇಳಿಕೆ) ಕೊಟ್ಟು ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ತನ್ನೊಬ್ಬನ ಹೆಸರು ಹಚ್ಚಿಸಿಕೊಂಡಿದ್ದ. ನನ್ನದೂ ಅಕ್ಕನದೂ ಹೆಸರೇ ಇಲ್ಲ. ಕೇಳಿದ್ದಕ್ಕೆ, "ಅಪ್ಪ ಹೋಗಿದ್ದು 2005ರ ಕಾಯ್ದೆಕ್ಕಿಂತ ಮೊದಲ. ನಿಮಗ ಏನೂ ಬರೂದಿಲ್ಲ" ಎಂದ. ಹೆಣ್ಣುಮಕ್ಕಳಿಗೂ ಮನೆತನದ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಕೊಟ್ಟ ಕಾಯ್ದೆ ಅದು. ಎರಡು ಎಕರೆ ಮಾರಾಟಕ್ಕೆ ಮಾತುಕತೆ ನಡೆದಿದೆ ಅಂತ ಊರಿನವರು ಹೇಳಿದ ಮೇಲೆ ನಾವು ವಕೀಲರನ್ನು ಹುಡುಕಲು ಹೊರಟೆವು.

ಮೊದಲು ನೋಡಿದ್ದು ಬೆಳಗಾವಿಯ ಒಂದು ದೊಡ್ಡ ಆಫೀಸು. ಎಸಿ, ಗಾಜಿನ ಬಾಗಿಲು, ಗೋಡೆ ತುಂಬ ಪುಸ್ತಕ. ಅಕ್ಕ ಚೀಲದಿಂದ ಉತಾರ ತೆಗೆಯುವಷ್ಟರಲ್ಲಿ "ಪಕ್ಕಾ ಗೆಲ್ಲೋ ಕೇಸು" ಎಂದರು. ಕಾಗದ ನೋಡಲೇ ಇಲ್ಲ. ಫೀ ಎಷ್ಟು ಅಂತ ಕೇಳಿದರೆ, ಈಗ ಏನೂ ಬೇಡ, ಬಂದ ಜಮೀನಿನಲ್ಲಿ ಪಾಲು ಕೊಡಿ ಎಂದರು. ಹೊರಗೆ ಅವರ ಗುಮಾಸ್ತ ಬೇರೆ, ಕೋರ್ಟ್ ಫೀಗೇ ಲಕ್ಷ ಇಟ್ಟುಕೊಳ್ಳಿ ಎಂದ. ಹೀಗೆ ಆಸ್ತಿಯಲ್ಲಿ ಪಾಲು ಮಾತಾಡಿಕೊಂಡು ಕೇಸು ಹಿಡಿಯುವುದು ಬಾರ್ ಕೌನ್ಸಿಲ್ ನಿಯಮದ ಪ್ರಕಾರವೇ ತಪ್ಪು. ಕೋರ್ಟ್ ಫೀ ಮಾತಂತೂ ಶುದ್ಧ ಸುಳ್ಳು. ಆಸ್ತಿ ಇನ್ನೂ ಕೂಡಿಯೇ ಇದೆ ಅಂತ ಹಾಕುವ ವಾಟ್ನಿ (ಪಾಲು ವಿಭಾಗದ) ದಾವೆಗೆ ಕರ್ನಾಟಕದಲ್ಲಿ ಹೆಚ್ಚೆಂದರೆ 200 ರೂಪಾಯಿ. ಎರಡು ನೂರು!

ಇನ್ನೊಬ್ಬರು ಬೆಳಗಾವಿಯವರೇ, ಒಳ್ಳೆಯ ಮನುಷ್ಯ. ಜಮೀನು ಎಲ್ಲಿದೆಯೋ ಅಲ್ಲಿಯ ಕೋರ್ಟಿನಲ್ಲೇ ದಾವೆ ಹಾಕಬೇಕು, ಪ್ರತಿ ತಾರೀಖಿಗೆ ಬೈಲಹೊಂಗಲಕ್ಕೆ ಬರಲು ತಮಗೆ ಆಗುವುದಿಲ್ಲ, ಜೂನಿಯರನ್ನು ಕಳಿಸಬೇಕಾಗುತ್ತದೆ, ಅಲ್ಲಿಯವರನ್ನೇ ಹಿಡಿಯಿರಿ ಎಂದರು. ಅವರಿಗೆ ಈಗಲೂ ನಮಸ್ಕಾರ ಹೇಳುತ್ತೇನೆ.

ಬೈಲಹೊಂಗಲದಲ್ಲಿ ನಾನು ಮಾಡಿದ ಕೆಲಸ ಯಾರು ಬೇಕಾದರೂ ಮಾಡಬಹುದು. ರಜೆ ಹಾಕಿ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ. ಮೊಬೈಲ್ ಬಂದ್ ಮಾಡಿ ಸುಮ್ಮನೆ ಕೂತರೆ ಯಾರೂ ಏನೂ ಕೇಳುವುದಿಲ್ಲ. ಕೇಸು ಕೂಗಿದಾಗ ಯಾರು ತಾವೇ ಎದ್ದು ನಿಲ್ಲುತ್ತಾರೆ, ಯಾರ ಪರವಾಗಿ ಜೂನಿಯರ್ ಓಡಿ ಬಂದು "ಟೈಮ್ ಕೊಡಬೇಕು ಸ್ವಾಮಿ" ಅನ್ನುತ್ತಾನೆ, ಅರ್ಧ ದಿನದಲ್ಲಿ ಗೊತ್ತಾಗಿಬಿಡುತ್ತದೆ. ಒಬ್ಬರು ವಯಸ್ಸಾದವರು ಪಾಟೀಸವಾಲು ಮಾಡುತ್ತಿದ್ದರು. ದನಿ ಏರಿಸಲಿಲ್ಲ. ಸಾಕ್ಷಿ ಹೇಳುತ್ತಿದ್ದ ರೈತನನ್ನು ಹೆದರಿಸಲಿಲ್ಲ. ಒಂದೊಂದೇ ಕಾಗದ ತೋರಿಸಿ "ಇದು ನಿಮ್ಮ ಸಹಿ ಹೌದಲ್ರಿ?" ಅಂತ ಕೇಳುತ್ತ ಹೋದರು.

ಮಧ್ಯಾಹ್ನ ಹೊರಗೆ ಟೈಪ್ ಮಾಡುವವರ ಹತ್ತಿರ ಚಹಾ ಕುಡಿಯುತ್ತ ಅವರ ಬಗ್ಗೆ ಕೇಳಿದೆ. "ಆ ಸಾಹೇಬ್ರ ದಾವೇದಾಗ ಚಕ್ಕುಬಂದಿ ತಪ್ಪಂಗಿಲ್ರಿ. ಮೂರು ಸಲ ಓದಿಸಿ ಕೇಳ್ತಾರ, ನಮಗ ಸಾಕಾಗತೈತಿ" ಎಂದರು. ಚಕ್ಕುಬಂದಿ ಅಂದರೆ ಜಮೀನಿನ ನಾಲ್ಕೂ ದಿಕ್ಕಿನ ಗಡಿಯ ವಿವರ. ದಿನಾ ಹತ್ತು ವಕೀಲರ ಬರವಣಿಗೆ ಟೈಪ್ ಮಾಡುವವರಿಗಿಂತ ಚೆನ್ನಾಗಿ ಇದನ್ನು ಯಾರು ಹೇಳಬಲ್ಲರು?

ಅವತ್ತೇ ಸಂಜೆ ಅವರ ಆಫೀಸಿಗೆ ಹೋದೆವು. ಎರಡು ಕೋಣೆ, ಫ್ಯಾನು, ಕಟ್ಟು ಕಟ್ಟಿದ ಕಡತಗಳು. ನಮ್ಮ ಕಥೆ ಕೇಳುವ ಮೊದಲು ಕಾಗದ ಕೇಳಿದರು. ಉತಾರ, ಮ್ಯುಟೇಷನ್ (ಹೆಸರು ಬದಲಾವಣೆ) ನಕಲು, ಅಪ್ಪನ ಮರಣ ದಾಖಲೆ, ಒಂದೊಂದಾಗಿ ಓದಿದರು. ಓದುವಾಗ ಮಾತಿಲ್ಲ. ಅಕ್ಕ ನಡುವೆ ಅಣ್ಣನ ಪುರಾಣ ಶುರು ಮಾಡಿದರೆ ಕೈ ಎತ್ತಿ ನಿಲ್ಲಿಸಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು: "ತಂಗಿ, ನೀವಿಬ್ರೂ ಎಲ್ಲ್ಯರ ಸಹಿ ಮಾಡೀರೇನು? ಖಾಲಿ ಬಾಂಡು, ಸೊಸಾಯಿಟಿ ಸಾಲ, ಎಲ್ಲ್ಯರ?"

ಅಕ್ಕ ತಲೆ ತಗ್ಗಿಸಿದಳು. ಅಣ್ಣ ಊರಿನ ಸೊಸಾಯಿಟಿಯಲ್ಲಿ ಬೆಳೆಸಾಲ ತೆಗೆಯುವಾಗ ಅಕ್ಕನಿಂದ ಒಂದು ಸಹಿ ಹಾಕಿಸಿಕೊಂಡಿದ್ದನಂತೆ. ನನಗೂ ಅವತ್ತೇ ಗೊತ್ತಾಗಿದ್ದು. ಹಕ್ಕು ಬಿಟ್ಟುಕೊಟ್ಟ ಪತ್ರವೇ ಆಗಿದ್ದರೆ ಕಷ್ಟ, ಮೊದಲು ಆ ನಕಲು ತನ್ನಿ, ಅಲ್ಲಿಯವರೆಗೆ ವಕಾಲತ್ತು ಬೇಡ ಎಂದರು. ಬಂದ ಗಿರಾಕಿಯನ್ನು ಹೀಗೆ ವಾಪಸ್ ಕಳಿಸುವುದು ನನಗೆ ಹಿಡಿಸಿತು. ನಕಲು ತಂದು ನೋಡಿದರೆ ಅದು ಬರೀ ಒಪ್ಪಿಗೆ ಪತ್ರ, ಸಾಲಕ್ಕೆ ತಕರಾರಿಲ್ಲ ಅಂತ. ಓದಿ ಮುಗಿಸಿ ನಕ್ಕರು. "ಹಕ್ಕ ಇಲ್ಲದವರ ಒಪ್ಪಿಗಿ ಯಾಕ ತಗೊಂಡ ನಿಮ್ಮಣ್ಣ?" ಹೆದರಿಕೊಂಡು ತಂದ ಕಾಗದವೇ ನಮ್ಮ ಪರ ದಾಖಲೆಯಾಯಿತು.

ಅಣ್ಣ ಹೇಳಿದ 2005ರ ಮಾತಿಗೂ ಉತ್ತರ ಅಲ್ಲೇ ಸಿಕ್ಕಿತು. ಮಗಳಿಗೆ ಹಕ್ಕು ಬರುವುದು ಹುಟ್ಟಿನಿಂದ, ಆ ಕಾಯ್ದೆ ಜಾರಿಯಾದ 2005ರ ಸೆಪ್ಟೆಂಬರ್ 9ರಂದು ಅಪ್ಪ ಬದುಕಿರಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿದೆ. ವರ್ದಿಯ ಮೇಲೆ ಉತಾರದಲ್ಲಿ ಹೆಸರು ಹತ್ತಿದ ಮಾತ್ರಕ್ಕೆ ಯಾರೂ ಮಾಲೀಕರಾಗುವುದಿಲ್ಲ. ಉಪವಿಭಾಗಾಧಿಕಾರಿಗಳ (ಎಸಿ) ಆಫೀಸಿಗೆ ಅಪೀಲು ಹಾಕೋಣವೇ ಅಂತ ಕೇಳಿದೆ. ಅಲ್ಲಿ ಸರಿಯಾಗುವುದು ಉತಾರದ ನಮೂದು ಮಾತ್ರ, ಪಾಲು ಬೇಕಾದರೆ ಸಿವಿಲ್ ಕೋರ್ಟೇ ಎಂದರು. ಮುಂದೆ ಧಾರವಾಡ ಹೈಕೋರ್ಟ್ ಪೀಠಕ್ಕೆ ಹೋಗಬೇಕಾಗಿ ಬಂದರೆ ತಾನು ಅಲ್ಲಿ ನಿಲ್ಲುವುದಿಲ್ಲ, ಬೇರೆಯವರನ್ನು ಹೇಳುತ್ತೇನೆ ಅಂತಲೂ ಮೊದಲ ದಿನವೇ ಹೇಳಿದರು.

ಫೀ 45 ಸಾವಿರ, ಮೂರು ಕಂತು: ದಾವೆ ಹಾಕುವಾಗ, ಸಾಕ್ಷಿ ಶುರುವಾದಾಗ, ವಾದಕ್ಕೆ ಮೊದಲು. ರಸೀದಿ ಕೇಳಿದ್ದಕ್ಕೆ ಮುಖ ಸಿಂಡರಿಸಲಿಲ್ಲ. ಕ್ಯಾಷಿಯರ್ ಆದವಳಿಗೆ ರಸೀದಿ ಇಲ್ಲದಿದ್ದರೆ ನಿದ್ದೆ ಬರಲ್ಲ ನೋಡಿ. ನಡುವೆ ನಾನು ಬೇಡ ಅನಿಸಿದರೆ ಕಡತ ತೆಗೆದುಕೊಂಡು ಹೋಗಿ ಎಂದರು. ಫೀ ಬಾಕಿ ಇದೆ ಅಂತ ವಕೀಲರು ಕಡತ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ, ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಅಷ್ಟೂ ಕೊಡಲು ಆಗದ ಹೆಣ್ಣುಮಕ್ಕಳು ಕೋರ್ಟಿನಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಈಗ ಒಂದು ಅಂಕ ಯಾಕೆ ಕಡಿಮೆ ಅಂತ ಹೇಳಬೇಕು. ಫೋನ್ ಎತ್ತುವುದಿಲ್ಲ. ಹಗಲು ಬಿಡಿ, ರಾತ್ರಿಯೂ ಎತ್ತುವುದಿಲ್ಲ. ತಾರೀಖು ತಿಳಿಯಲು ನಾನು ಇ-ಕೋರ್ಟ್ಸ್ ಆ್ಯಪ್ ಹಾಕಿಕೊಂಡೆ. ಕಡತದ ಮೇಲಿನ, ಕೇಸಿನ ಗುರುತಾದ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಹಾಕಿದರೆ ಮುಂದಿನ ತಾರೀಖು ಬರುತ್ತದೆ. ಗುಮಾಸ್ತ ಹೋದಾಗಲೆಲ್ಲ ಝೆರಾಕ್ಸ್ ಖರ್ಚು ಅಂತ ಕೈ ಚಾಚುತ್ತಾನೆ, ಅವನಿಗೆ ರಸೀದಿ ಪುಸ್ತಕ ಇಲ್ಲ. ತಡೆಯಾಜ್ಞೆ ಅರ್ಜಿ ತಿಂಗಳುಗಟ್ಟಲೆ ಮುಂದೆ ಹೋದಾಗ ಅಣ್ಣ ಮಾರಿಬಿಟ್ಟರೆ ಏನು ಗತಿ ಅಂತ ನಮಗೆ ಜೀವ ಹೋಗುತ್ತಿತ್ತು. ದಾವೆ ನಡೆಯುತ್ತಿರುವಾಗ ಯಾರೇ ಕೊಂಡರೂ ಕೋರ್ಟಿನ ತೀರ್ಪಿಗೆ ತಲೆಬಾಗಬೇಕು ಅಂತ ಕೊನೆಗೆ ಹೇಳಿದ್ದು ಜೂನಿಯರ್ ಹುಡುಗಿ. ಆ ಮಾತನ್ನು ಸಾಹೇಬರೇ ಮೊದಲು ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಬರುತ್ತಿತ್ತು.

ಇನ್ನೊಂದು. ಟೈಪಿಸ್ಟ್ ಅಷ್ಟು ಹೊಗಳಿದ ಷೆಡ್ಯೂಲಿನಲ್ಲಿ (ದಾವೆಯ ಆಸ್ತಿ ಪಟ್ಟಿಯಲ್ಲಿ) ಪಂಚಾಯಿತಿ ನಂಬರಿನ ಹಿತ್ತಲು ಜಾಗವೇ ಬಿಟ್ಟುಹೋಗಿತ್ತು. ವಾಟ್ನಿ ದಾವೆಯಲ್ಲಿ ಕುಟುಂಬದ ಒಂದು ಆಸ್ತಿ ಬಿಟ್ಟರೂ ಎದುರಿನವರು ಅದನ್ನೇ ಹಿಡಿದುಕೊಳ್ಳುತ್ತಾರೆ, ಹಿಡಿದುಕೊಂಡರು ಕೂಡ. ನಮ್ಮವರು ತಿದ್ದುಪಡಿ ಅರ್ಜಿ ಹಾಕಿ ಸೇರಿಸಿದರು, ಅದಕ್ಕೆ ಹಣ ಕೇಳಲಿಲ್ಲ. ಆದರೆ ಮೂರು ತಾರೀಖು ಹೋದವು.

ಕಳೆದ ವರ್ಷ ಲೋಕ್ ಅದಾಲತ್‌ನಲ್ಲಿ ರಾಜಿಯಾಯಿತು. ಅಣ್ಣನ ಅಕ್ಷರವಿದ್ದ ಆ ಸೊಸಾಯಿಟಿ ಪತ್ರ ಹಾಜರಾದ ಮೇಲೆ ಅವನ ವಕೀಲರೇ ಮಾತಿಗೆ ಬಂದರು. ಮೂವರಿಗೂ ಸಮಪಾಲು, ಬಾವಿಯ ಕಡೆಯ ತುಂಡು ಅವನಿಗೆ. ಅದು ಬೇಕೆಂದು ಹಟ ಹಿಡಿದಿದ್ದ ಅಕ್ಕನನ್ನು ಒಪ್ಪಿಸಿದ್ದು ಸಾಹೇಬರೇ. ನನಗೆ ಪೂರ್ತಿ ಸಮಾಧಾನವಿಲ್ಲ, ಆದರೆ ಲೋಕ್ ಅದಾಲತ್ ತೀರ್ಪಿನ ಮೇಲೆ ಅಪೀಲು ಇಲ್ಲ, ಧಾರವಾಡದ ಓಡಾಟ ತಪ್ಪಿತು. ಕೋರ್ಟ್ ಫೀ ವಾಪಸ್ ಬರುತ್ತದೆ ಎಂದರು, ಅದೇ 200 ರೂಪಾಯಿ. ಮೂರನೇ ಕಂತನ್ನು ಅವರು ಕೇಳಲಿಲ್ಲ, ವಾದದವರೆಗೆ ಹೋಗಲಿಲ್ಲವಲ್ಲ ಎಂದರು.

ಹೋಗುವವರು ಸಂಜೆ ಆರರ ಮೇಲೆ ಹೋಗಿ, ಸೋಮವಾರ ಬೇಡ, ಜನ ಜಾಸ್ತಿ. ಸಹಿ ಮಾಡಿದ ಕಾಗದ ಯಾವುದಿದ್ದರೂ ಮುಚ್ಚಿಡಬೇಡಿ, ಹೇಗಿದ್ದರೂ ಹೊರಗೆ ತೆಗೆಸುತ್ತಾರೆ. ನಮ್ಮದು ಹಿಸ್ಸಾ ಅಳತೆ, ಪೋಡಿ (ಪಾಲು ಅಳೆದು ಬೇರೆ ಬೇರೆ ನಂಬರ್ ಮಾಡುವುದು) ಇನ್ನೂ ಬಾಕಿ ಇದೆ. ಅರ್ಜಿಯನ್ನು ಆ ಜೂನಿಯರ್ ಹುಡುಗಿಯೇ ಬರೆದುಕೊಟ್ಟಳು. ಸರ್ವೇಯರ್ ಬಂದ ಮೇಲೆ ಅವರ ರಿವ್ಯೂ ಬೇರೆ ಬರೆಯುತ್ತೇನೆ.