ಡಿಬೇಟ್‌ಗೆ ಯಾವುದು ಓದಿಸೋದು: 1915ರ ಘೋಷಣೆನಾ, ಶಿಕಾಗೋ ರಿಪೋರ್ಟಾ?

ಅಕಾಡೆಮಿಕ್ ಫ್ರೀಡಂ, ಅಂದ್ರೆ ಕಾಲೇಜು-ವಿವಿಗಳಲ್ಲಿ ಪಾಠ, ಸಂಶೋಧನೆ, ಚರ್ಚೆ ಮಾಡೋ ಸ್ವಾತಂತ್ರ್ಯದ ಬಗ್ಗೆ ಕ್ಲಾಸಲ್ಲಿ ಡಿಬೇಟ್ ಇಡ್ತೀನಿ, ಮೊದಲು ಏನು ಓದಿಸಲಿ ಅಂತ ಯೋಚಿಸ್ತಿರೋ ಮೇಷ್ಟ್ರುಗಳಿಗೆ ಇದು. ಈ ಎರಡು ದಾಖಲೆಗಳೂ ಅಮೆರಿಕದ್ದೇ.

1915ರಲ್ಲಿ ಅಲ್ಲಿನ ಪ್ರೊಫೆಸರ್‌ಗಳ ಸಂಘ ಎಎಯುಪಿ ಹುಟ್ಟಿತು, ತತ್ವಜ್ಞಾನಿ ಜಾನ್ ಡ್ಯೂಯಿ ಮೊದಲ ಅಧ್ಯಕ್ಷರು. ಅದೇ ವರ್ಷದ ಘೋಷಣೆ ಮೇಷ್ಟ್ರಿಗೆ ಸ್ವಾತಂತ್ರ್ಯ ಕೇಳುತ್ತೆ, ಆದ್ರೆ ಜೊತೆಗೇ ಒಂದು ಜವಾಬ್ದಾರಿನೂ ಹೊರಿಸುತ್ತೆ, ವಿವಾದದ ವಿಷಯ ಪಾಠ ಮಾಡುವಾಗ ಬೇರೆ ವಿದ್ವಾಂಸರ ಭಿನ್ನಾಭಿಪ್ರಾಯಾನೂ ಮುಚ್ಚಿಡದೆ, ಕೊಂಕು ಮಾತಾಡದೆ ನ್ಯಾಯವಾಗಿ ಮುಂದಿಡಬೇಕು, ಹುಡುಗ್ರು ತಾವೇ ಯೋಚನೆ ಮಾಡೋ ಹಾಗಾಗ್ಬೇಕು ಅಂತ. ನನಗೆ ಇದೇ ಜೀವಾಳ ಅನ್ಸೋದು, ಯಾಕಂದ್ರೆ ಎದುರಿನವರ ವಾದಾನ ನಾವು ಹೇಳಿದಾಗ ಅವರೇ "ಹೌದು, ನಾನಂದಿದ್ದು ಇದೇ" ಅನ್ನದಿದ್ರೆ ಚರ್ಚೆ ಇನ್ನೂ ಶುರುವೇ ಆಗಿಲ್ಲ.

ಶಿಕಾಗೋ ವಿವಿಯ 2015ರ ರಿಪೋರ್ಟ್ ಚಿಕ್ಕದು, ಬೇಗ ಓದಿ ಮುಗಿಯುತ್ತೆ. ಅದರ ಕಾಳಜಿ ಬೇರೆ: ಯಾರಿಗೋ ನೋವಾಗುತ್ತೆ ಅಂತ ವಿಚಾರ ತಡೀಬಾರದು, ಪ್ರತಿಭಟಿಸಿ ಆದ್ರೆ ಭಾಷಣ ನಿಲ್ಲಿಸ್ಬೇಡಿ. ಬೆದರಿಕೆ, ಮಾನಹಾನಿಗೆ ರಕ್ಷಣೆ ಇಲ್ಲ.

ಹೊರಗಿನ ಭಾಷಣಕಾರರನ್ನ ಕರೆಯೋ ಗಲಾಟೆನೇ ಟಾಪಿಕ್ ಆದ್ರೆ ಶಿಕಾಗೋದು ಸಾಕು. ಪಾಠದ ರೂಮಿನ ವಿಷಯ ಆದ್ರೆ ಕಣ್ಮುಚ್ಚಿ 1915ರದ್ದು ತಗೊಳ್ಳಿ, ಉದ್ದ ಇದೆ ಅಂತ ಬಿಡ್ಬೇಡಿ.